ಕುಲುಮೆಯ ಒಳಗೋಡೆ

— ಅಂತಿಮ ಬಿ.ಎ. ವಿದ್ಯಾರ್ಥಿ

ಉಕ್ಕನ್ನು ಹೊಗಳುವವರು ಬಹಳ ಮಂದಿ. ಸೇತುವೆ ಕಟ್ಟಿದಾಗ, ಅಣೆಕಟ್ಟಿನ ಬಾಗಿಲೆತ್ತಿದಾಗ, ಹೊಸ ರೈಲು ಹೊರಟಾಗ ಭಾಷಣಕಾರರು ಉಕ್ಕಿನ ಹೆಸರನ್ನು ಬಾಯಿತುಂಬ ನುಡಿಯುತ್ತಾರೆ. ಗಟ್ಟಿ ಮನಸ್ಸಿನವರಿಗೆ ‘ಉಕ್ಕಿನ ಮನುಷ್ಯ’ ಎಂಬ ಬಿರುದನ್ನೂ ಕೊಡುತ್ತಾರೆ. ಆದರೆ ಆ ಉಕ್ಕು ಒಂದಾನೊಂದು ದಿನ ನೀರಿನಂತೆ ತೆಳ್ಳಗೆ ಕುದಿಯುತ್ತಿತ್ತಲ್ಲ, ಆಗ ಅದನ್ನು ಹಿಡಿದಿಟ್ಟುಕೊಂಡಿದ್ದ ಪಾತ್ರೆ ಯಾವುದು ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮದುವೆಯ ಮನೆಯಲ್ಲಿ ಪಾಯಸವನ್ನು ಹೊಗಳುತ್ತೇವೆಯೇ ಹೊರತು ಅದನ್ನು ಬೇಯಿಸಿದ ಕೊಪ್ಪರಿಗೆಯನ್ನು ಯಾರೂ ನೆನೆಯುವುದಿಲ್ಲ. ಲೋಕದ ರೀತಿಯೇ ಹಾಗೆ.

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ನಾನು ಕುಲುಮೆಯ ಪಾತ್ರೆಯ ಮಾತೆತ್ತಿದರೆ, ಇವನಿಗೇನು ಅಧಿಕಾರ ಎಂದು ವಿಜ್ಞಾನದ ಮಿತ್ರರು ಕೇಳಬಹುದು. ನನಗಿರುವ ಅಧಿಕಾರ ಒಂದೇ: ನನ್ನ ಶಾಲೆಯ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಬಂದದ್ದು ಕುಲುಮೆಯ ಒಳಗೋಡೆಯಿಂದ. ನಮ್ಮ ತಂದೆಯವರು ಇಪ್ಪತ್ತೆರಡು ವರ್ಷ ಉಕ್ಕು ಕರಗಿಸುವ ಕುಲುಮೆಗಳಿಗೆ ಒಳಗೋಡೆ ಹಾಕುವ ಕೆಲಸ ಮಾಡಿದರು. ಕಾರ್ಖಾನೆಯಲ್ಲಿ ಅದಕ್ಕೆ ‘ಲೈನಿಂಗ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬರಿಯ ‘ಗೋಡೆ’ ಎನ್ನುತ್ತಿದ್ದೆವು.

ಮೊದಲು ಒಂದು ಸಣ್ಣ ಒಗಟು. ಕಬ್ಬಿಣ ಕರಗುವುದು 1,538 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕುಲುಮೆಯಲ್ಲಿ ಉಕ್ಕಿನ ಕಾವು 1,600 ಡಿಗ್ರಿಯನ್ನೂ ಮೀರಿರುತ್ತದೆ. ದೊಡ್ಡ ಕುಲುಮೆಗಳ ಹೊರಕವಚವೂ ಉಕ್ಕಿನದೇ, ಕರಗಿದ ಉಕ್ಕನ್ನು ಹೊತ್ತೊಯ್ಯುವ ಲ್ಯಾಡಲ್ಲೂ ಉಕ್ಕಿನದೇ. ಹಾಗಾದರೆ ಒಳಗಿನ ಉಕ್ಕು ಹೊರಗಿನ ಉಕ್ಕನ್ನು ಕರಗಿಸಿ ಹರಿದುಹೋಗುವುದಿಲ್ಲವೇಕೆ? ಇವೆರಡರ ನಡುವೆ ಒಂದು ಗೋಡೆಯಿದೆ, ಅದಕ್ಕಾಗಿ. ಅದು ಮಣ್ಣಿನದು, ಕಲ್ಲಿನದು, ಸುಟ್ಟ ಸುಣ್ಣದ ಜಾತಿಯದು. ಲೋಹದ ಜಗಳವನ್ನು ಮಣ್ಣು ನಡುವೆ ನಿಂತು ಬಿಡಿಸುತ್ತಿದೆ. ಸೌದೆ ಒಲೆಯ ಮೇಲೆ ಪಾತ್ರೆಯಿಡುವ ಮುನ್ನ ನಮ್ಮ ಅಜ್ಜಿ ಅದರ ತಳಕ್ಕೆ ಮಣ್ಣು ಬಳಿಯುತ್ತಿದ್ದರು. ಅದು ಹೊರಗಿನ ಬೆಂಕಿಯಿಂದ ಪಾತ್ರೆಯನ್ನು ಕಾಯುವ ಉಪಾಯ. ಇಲ್ಲಿ ಬೆಂಕಿ ಪಾತ್ರೆಯ ಒಳಗಿದೆ. ಆದುದರಿಂದ ಮಣ್ಣನ್ನೂ ಒಳಗೇ ಬಳಿಯಬೇಕು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದವರು ಕಬ್ಬಿಣದ ತುಂಡುಗಳನ್ನು ಕಟ್ಟಿಗೆಯ ಚೂರಿನೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಹೊರದೇಶದವರು ‘ವೂಟ್ಜ್’ ಎಂದು ಕರೆದ ಹೆಸರಾಂತ ಉಕ್ಕು ಹುಟ್ಟಿದ್ದು ಇಂಥ ಮೂಸೆಗಳಲ್ಲಿ. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ನೋಡಿ ಬರೆದಿಟ್ಟಿದ್ದಾನೆ. ಮೂಸೆಯ ಮಣ್ಣಿಗೆ ಭತ್ತದ ಹೊಟ್ಟನ್ನು ಕಲಸುವುದು ರೂಢಿ. ಹೊಟ್ಟಿನಲ್ಲಿ ಸಿಲಿಕಾ ಎಂಬ ಮರಳಿನ ಸತ್ತ್ವವಿದೆ. ಉರಿಯಲ್ಲಿ ಹೊಟ್ಟು ಕರಿಕಾಗಿ ಇಂಗಾಲವನ್ನೂ ಸಿಲಿಕಾವನ್ನೂ ಮಣ್ಣಿನಲ್ಲಿ ಬಿಟ್ಟು, ಮೂಸೆಯನ್ನು ಬಿಗಿಯಾಗಿಸುತ್ತದೆ. ಆದರೆ ಆ ಮೂಸೆಯ ಆಯುಸ್ಸು ಒಂದೇ ಸಲದ್ದು. ಉಕ್ಕಿನ ಗಟ್ಟಿಯನ್ನು ಹೊರತೆಗೆಯಬೇಕಾದರೆ ಮೂಸೆಯನ್ನು ಒಡೆಯಲೇಬೇಕು. ತೆಂಗಿನಕಾಯಿಯ ಚಿಪ್ಪಿನ ಪಾಡು ಅದರದು.

ಅಂದಿನಿಂದ ಇಂದಿನವರೆಗೆ ಉಕ್ಕಿನ ಕಸುಬಿನ ಒಂದು ದೊಡ್ಡ ಪ್ರಯತ್ನವೆಲ್ಲ ಈ ಆಯುಸ್ಸನ್ನು ಬೆಳೆಸುವುದಕ್ಕೇ ನಡೆದಿದೆ ಎನ್ನಬಹುದು. ಗೋಡೆಯ ಆಯುಸ್ಸನ್ನು ವರ್ಷಗಳಲ್ಲಿ ಎಣಿಸುವುದಿಲ್ಲ, ‘ಹೀಟು’ಗಳಲ್ಲಿ ಎಣಿಸುತ್ತಾರೆ. ಒಮ್ಮೆ ಸರಕು ತುಂಬಿ, ಕರಗಿಸಿ, ಸುರಿದರೆ ಒಂದು ಹೀಟು. ನಮ್ಮ ತಂದೆಯವರು ಊರಿನ ಹಿರಿಯರ ವಯಸ್ಸನ್ನು ತಪ್ಪಾಗಿ ಹೇಳುವುದುಂಟು. ಆದರೆ ಹತ್ತು ವರ್ಷದ ಹಿಂದಿನ ಒಂದು ಗೋಡೆ ಎಷ್ಟು ಹೀಟು ತಾಳಿತೆಂದು ಕೇಳಿದರೆ ತಡವರಿಸುವುದಿಲ್ಲ.

ಅವರು ದುಡಿದದ್ದು ತುಂಗಭದ್ರೆಯ ಆಚೆಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಅಲ್ಲಿರುವುದು ವಿದ್ಯುತ್ತಿನಿಂದ ನಡೆಯುವ ಇಂಡಕ್ಷನ್ ಕುಲುಮೆ. ದಪ್ಪನಾದ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ನಿಲ್ಲಿಸಿರುತ್ತಾರೆ. ಕೊಳವೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ನಡುವೆ ತುಂಬಿದ ಗುಜರಿ ಕಬ್ಬಿಣ ತನ್ನಷ್ಟಕ್ಕೆ ತಾನೇ ಕಾದು ಕರಗುತ್ತದೆ. ಅತ್ತ ಕುದಿಯುವ ಉಕ್ಕು, ಇತ್ತ ಹರಿಯುವ ನೀರು, ನಡುವೆ ಕೆಲವೇ ಅಂಗುಲ ದಪ್ಪದ ಗೋಡೆ! ಆ ಗೋಡೆ ಸೀಳಿ ಉಕ್ಕು ಕೊಳವೆಗೆ ತಗುಲಿ ನೀರಿನ ಜೊತೆ ಸೇರಿತೆಂದರೆ ನೀರು ಕ್ಷಣಾರ್ಧದಲ್ಲಿ ಹಬೆಯಾಗಿ ಸಿಡಿಯುತ್ತದೆ. ಹತ್ತಿರ ನಿಂತವರು ಉಳಿಯುವುದು ಕಷ್ಟ. ಗೋಡೆ ಸವೆಯಿತೆಂದು ತಿಳಿಸುವ ಎಚ್ಚರಿಕೆಯ ಗಂಟೆಯೇನೋ ಇರುತ್ತದೆ. ಆದರೂ ಕೆಲಸಗಾರರು ಗಂಟೆಗಿಂತ ಹೆಚ್ಚಾಗಿ ಗೋಡೆ ಹಾಕಿದ ಮೇಸ್ತ್ರಿಯ ಕೈಯನ್ನೇ ನಂಬುತ್ತಾರೆ.

ಆ ಗೋಡೆಯ ಸಾಮಗ್ರಿ ಏನೆಂದರೆ ಬೆಣಚುಕಲ್ಲಿನ ಪುಡಿ. ನಮ್ಮ ಹೊಲಗಳ ಬದುವಿನಲ್ಲಿ ಬಿದ್ದಿರುವ, ಮಕ್ಕಳು ಉಜ್ಜಿ ಕಿಡಿ ಹಾರಿಸುವ ಬಿಳಿಯ ಕಲ್ಲೇ ಅದು. ಅದನ್ನು ದಪ್ಪ, ಸಣ್ಣ, ನುಣುಪು ಎಂದು ಹದವರಿತು ಬೆರೆಸಿ, ಕೇರಂ ಹಲಗೆಗೆ ಹಾಕುವ ಬೋರಿಕ್ ಪುಡಿಯನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಸುರುಳಿಯ ಒಳಗೆ ತಗಡಿನ ಅಚ್ಚು ನಿಲ್ಲಿಸಿ, ಅಚ್ಚಿಗೂ ಸುರುಳಿಗೂ ನಡುವಿನ ಸಂದಿಯಲ್ಲಿ ಈ ಪುಡಿಯನ್ನು ಒಣದಾಗಿಯೇ ಸುರಿದು, ಪದರ ಪದರವಾಗಿ ಸಲಾಕೆಯಿಂದ ಕುಟ್ಟುತ್ತಾರೆ. ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದು. ಮೊದಲನೆಯ ಹೀಟನ್ನು ಬಹಳ ನಿಧಾನವಾಗಿ ಕಾಯಿಸುತ್ತಾರೆ. ತಗಡಿನ ಅಚ್ಚು ಉಕ್ಕಿನಲ್ಲಿ ಕರಗಿಹೋಗುತ್ತದೆ, ಪುಡಿ ಬೆಂದು ಗೋಡೆಯಾಗಿ ನಿಲ್ಲುತ್ತದೆ. ಉಕ್ಕಿಗೆ ತಗುಲಿದ ಮೈ ಗಾಜಿನಂತೆ ಗಟ್ಟಿ, ಅದರ ಹಿಂದಿನ ಪದರ ಅರೆಬೆಂದದ್ದು, ಸುರುಳಿಯ ಕಡೆಯದು ಇನ್ನೂ ಪುಡಿಯೇ. ಆ ಬೇಯದ ಪುಡಿ ದಂಡವಲ್ಲ. ಗಟ್ಟಿಯಾದ ಮೈಯಲ್ಲಿ ಬಿರುಕು ಹುಟ್ಟಿದರೆ ಅದು ಪುಡಿಗೆ ಬಂದು ನಿಂತುಬಿಡುತ್ತದೆ, ಮುಂದೆ ಹೋಗುವುದಿಲ್ಲ. “ಎಲ್ಲಾ ಗಟ್ಟಿ ಆಗಬಾರದಪ್ಪ, ಹಿಂದೆ ಒಂದಿಷ್ಟು ಮೆತ್ತಗೆ ಇರಬೇಕು” ಎಂದು ತಂದೆಯವರು ಹೇಳುತ್ತಿದ್ದರು. ಅದು ಗೋಡೆಯ ಮಾತೋ ಸಂಸಾರದ ಮಾತೋ ಎಂದು ಅಮ್ಮ ನಗುತ್ತಿದ್ದಳು.

ಗೋಡೆಯ ಶತ್ರು ಬರಿಯ ಕಾವು ಎಂದು ತಿಳಿಯುವುದು ಸಹಜ. ನಿಜವಾಗಿ ಶತ್ರುಗಳು ಮೂವರು. ಕಾವು ಮೊದಲನೆಯವನು. ಸಿಲಿಕಾ ಕರಗುವುದು ಸುಮಾರು 1,700 ಡಿಗ್ರಿಯಲ್ಲಿ, ಉಕ್ಕಿನ ಕಾವು 1,600ರ ಮೇಲೆ. ನೂರು ಡಿಗ್ರಿಯೂ ಇಲ್ಲದ ಅಂತರದಲ್ಲಿ ಈ ಗೋಡೆ ಬದುಕುತ್ತದೆ.

ಎರಡನೆಯವನು ಕಾವಿನ ಏರಿಳಿತ. ಬೆಣಚುಕಲ್ಲು 573 ಡಿಗ್ರಿಯ ಹತ್ತಿರ ತನ್ನ ಒಳಕಟ್ಟನ್ನು ಥಟ್ಟನೆ ಬದಲಿಸಿ ಹಿಗ್ಗುತ್ತದೆ. ಆ ಘಟ್ಟವನ್ನು ಅವಸರದಿಂದ ದಾಟಿಸಿದರೆ ಸೀಳು ಬೀಳುತ್ತದೆ. ಹಿಂದೆ ದೊಡ್ಡ ಕಾರ್ಖಾನೆಗಳಲ್ಲಿದ್ದ ತೆರೆದ ಒಲೆಯ ಕುಲುಮೆಗಳಿಗೆ ಸಿಲಿಕಾ ಇಟ್ಟಿಗೆಯ ಕಮಾನು ಚಾವಣಿ ಇರುತ್ತಿತ್ತು. ಉರಿಯಲ್ಲಿ ಅದು ವೀರನಂತೆ ನಿಲ್ಲುತ್ತಿತ್ತು. ಆರಿಸಿ ತಣ್ಣಗೆ ಮಾಡಿದರೆ ಹಪ್ಪಳದಂತೆ ಸಿಡಿಯುತ್ತಿತ್ತು. ಸದಾ ಉರಿಯುತ್ತಿರುವುದೇ ಅದಕ್ಕೆ ಕ್ಷೇಮ.

ಮೂರನೆಯವನು ಕಿಟ್ಟ, ಎಂದರೆ ಕರಗಿದ ಲೋಹದ ಮೇಲೆ ತೇಲುವ ಕಲ್ಮಷ. ಈ ಮೂವರಲ್ಲಿ ಬಲು ಜಾಣ ಇವನೇ. ಕಿಟ್ಟದಲ್ಲಿ ಆಮ್ಲದ ಸ್ವಭಾವದ್ದೊಂದು, ಸುಣ್ಣದಂತೆ ಪ್ರತ್ಯಾಮ್ಲದ ಸ್ವಭಾವದ್ದೊಂದು. ಗೋಡೆಗಳಲ್ಲಿಯೂ ಹಾಗೆಯೇ. ಬೆಣಚುಕಲ್ಲಿನ ಗೋಡೆ ಆಮ್ಲದ ಜಾತಿ. ಅದಕ್ಕೆ ಸುಣ್ಣದ ಕಿಟ್ಟ ತಗುಲಿದರೆ ಎರಡೂ ಕೂಡಿ ಕರಗಿ ಗೋಡೆ ಸಕ್ಕರೆಯಂತೆ ಸವೆಯುತ್ತದೆ. ಗೋಡೆ ಬಾಳಬೇಕಾದರೆ ಗೋಡೆಯೂ ಕಿಟ್ಟವೂ ಒಂದೇ ಜಾತಿಯವಾಗಿರಬೇಕು.

ಈ ಸಣ್ಣ ನಿಯಮದ ಮೇಲೆ ಯುರೋಪಿನ ಉಕ್ಕಿನ ಭವಿಷ್ಯವೇ ಒಮ್ಮೆ ನಿಂತಿತ್ತು. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಕಬ್ಬಿಣದೊಳಕ್ಕೆ ಗಾಳಿ ಊದಿ ಉಕ್ಕು ಮಾಡುವ ವಿಧಾನವನ್ನು ಸಾರಿದ. ಆದರೆ ಅವನ ಕುಲುಮೆಯ ಗೋಡೆ ಸಿಲಿಕಾದ್ದು. ಅದಿರಿನಲ್ಲಿ ರಂಜಕವಿದ್ದರೆ ಅದು ಹಾಗೆಯೇ ಉಕ್ಕಿನಲ್ಲಿ ಉಳಿದು, ಚಳಿಯಲ್ಲಿ ಉಕ್ಕು ಪಟ್ಟನೆ ಮುರಿಯುತ್ತಿತ್ತು. ರಂಜಕವನ್ನು ತೆಗೆಯಲು ಸುಣ್ಣ ಬೇಕು, ಸುಣ್ಣ ಹಾಕಿದರೆ ಗೋಡೆ ಉಳಿಯದು. ಇಪ್ಪತ್ತು ವರ್ಷಕ್ಕೂ ಮೀರಿ ದೊಡ್ಡ ದೊಡ್ಡ ತಜ್ಞರು ಈ ಇಕ್ಕಟ್ಟಿನ ಮುಂದೆ ಕೈಕಟ್ಟಿ ನಿಂತಿದ್ದರು.

ಇದನ್ನು ಬಿಡಿಸಿದವನು ಕಾರ್ಖಾನೆಯವನಲ್ಲ, ಲಂಡನ್ನಿನ ಪೊಲೀಸ್ ನ್ಯಾಯಾಲಯವೊಂದರ ಗುಮಾಸ್ತ ಎಂಬುದನ್ನು ಕಲಾ ಕಾಲೇಜಿನ ನಾವು ಹೆಮ್ಮೆಯಿಂದ ನೆನೆಯಬಹುದು. ಅವನ ಹೆಸರು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಹುಟ್ಟಿದ್ದು 1850ರಲ್ಲಿ. ತಂದೆ ತೀರಿಕೊಂಡದ್ದರಿಂದ ಓದು ನಿಂತು ಗುಮಾಸ್ತಿಕೆಗೆ ಸೇರಿದ. ಹಗಲೆಲ್ಲ ಕಚೇರಿ, ಸಂಜೆ ಬರ್ಕ್‌ಬೆಕ್ ಸಂಸ್ಥೆಯ ರಸಾಯನಶಾಸ್ತ್ರದ ತರಗತಿ. ಬೆಸೆಮರ್ ಕುಲುಮೆಯಿಂದ ರಂಜಕವನ್ನು ತೆಗೆಯಬಲ್ಲವನು ಭಾಗ್ಯವಂತನಾದಾನು ಎಂದು ಅಲ್ಲಿ ಉಪನ್ಯಾಸಕರೊಬ್ಬರು ಆಡಿದ ಮಾತು ಅವನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. (ತರಗತಿಯಲ್ಲಿ ನಮ್ಮ ಉಪನ್ಯಾಸಕರು ಆಡುವ ಮಾತುಗಳಲ್ಲಿ ಎಷ್ಟು ಹೀಗೆ ಕುಳಿತಿವೆಯೋ, ಅವರೇ ಬಲ್ಲರು.) ವೇಲ್ಸಿನ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ರಸಾಯನಜ್ಞನಾಗಿದ್ದ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟನ ಜೊತೆಗೂಡಿ ಪ್ರಯೋಗ ನಡೆಸಿದ. ಗೋಡೆಯನ್ನೇ ಸುಣ್ಣದ ಜಾತಿಯ ಡಾಲೊಮೈಟ್ ಕಲ್ಲಿನಿಂದ ಮಾಡಿ ಚೆನ್ನಾಗಿ ಸುಟ್ಟು, ಸರಕಿಗೂ ಸುಣ್ಣ ಸೇರಿಸುವುದು: ಇಷ್ಟೇ ಉಪಾಯ. 1878ರಲ್ಲಿ ತಜ್ಞರ ಸಭೆಯಲ್ಲಿ ಎದ್ದು ತನ್ನ ವಿಧಾನ ಸಫಲವಾಯಿತೆಂದಾಗ ಯಾರೂ ಕಿವಿಗೊಡಲಿಲ್ಲ. 1879ರ ಏಪ್ರಿಲಿನಲ್ಲಿ ಮಿಡಲ್ಸ್‌ಬರೋದಲ್ಲಿ ಎಲ್ಲರ ಕಣ್ಣೆದುರಿಗೇ ಮಾಡಿ ತೋರಿಸಿದ ಮೇಲೆ ದೇಶದೇಶಗಳ ಉಕ್ಕಿನ ಧಣಿಗಳು ಅವನ ಬಾಗಿಲಿಗೆ ಬಂದರು. ರಂಜಕ ತುಂಬಿದ ಕಿಟ್ಟ ಪುಡಿಯಾಗಿ ಹೊಲಕ್ಕೆ ಗೊಬ್ಬರವೂ ಆಯಿತು. ಆದರೆ ಶ್ವಾಸಕೋಶದ ಕಾಯಿಲೆಯಿಂದ ನರಳುತ್ತಿದ್ದ ಥಾಮಸ್ 1885ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಪ್ಯಾರಿಸ್ಸಿನಲ್ಲಿ ತೀರಿಕೊಂಡ. ತನ್ನ ಹಣವನ್ನು ದುಡಿಯುವ ಜನರ ಹಿತಕ್ಕೆ ಬಳಸಲೆಂದು ತಂಗಿಯ ಕೈಗೆ ಬಿಟ್ಟುಹೋದ.

ಥಾಮಸನ ದಾರಿಯಲ್ಲಿ ದೊಡ್ಡ ಕಾರ್ಖಾನೆಗಳು ಬಹಳ ದೂರ ನಡೆದಿವೆ. ಡಾಲೊಮೈಟಿನ ಜೊತೆಗೆ ಮ್ಯಾಗ್ನೆಸೈಟ್ ಬಂದಿತು. ನಮ್ಮ ಮೈಸೂರು ಜಿಲ್ಲೆಯಲ್ಲಿಯೂ ನೆರೆಯ ಸೇಲಂ ಬಳಿಯ ಬಿಳಿಯ ಗುಡ್ಡಗಳಲ್ಲಿಯೂ ಸಿಕ್ಕಿರುವ ಕಲ್ಲು ಇದು. ಅದನ್ನು ಸುಟ್ಟಾಗ ಉಳಿಯುವ ಮ್ಯಾಗ್ನೀಷಿಯಾ ಕರಗಲು ಸುಮಾರು 2,800 ಡಿಗ್ರಿ ಬೇಕು. 1952ರಲ್ಲಿ ಆಸ್ಟ್ರಿಯದ ಲಿಂಜ್ ನಗರದಲ್ಲಿ ಆಮ್ಲಜನಕ ಊದಿ ಉಕ್ಕು ಮಾಡುವ ಕುಲುಮೆ ಕೆಲಸಕ್ಕೆ ತೊಡಗಿದಾಗ ಅಂಥ ಕುಲುಮೆಯ ಗೋಡೆ ಕೆಲವು ನೂರು ಹೀಟು ತಾಳಿದರೆ ದೊಡ್ಡದು. ಮುಂದೆ ಮ್ಯಾಗ್ನೀಷಿಯಾಕ್ಕೆ ಗ್ರಾಫೈಟನ್ನು ಬೆರೆಸಿದ ಇಟ್ಟಿಗೆ ಬಂದಿತು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಗ್ರಾಫೈಟಿನ ಮೇಲೆ ಕಿಟ್ಟ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಅಮೆರಿಕದವರು ಇನ್ನೊಂದು ಉಪಾಯ ಮಾಡಿದರು. ಉಕ್ಕನ್ನು ಸುರಿದ ಮೇಲೆ ಕುಲುಮೆಯಲ್ಲಿ ಸ್ವಲ್ಪ ಕಿಟ್ಟವನ್ನು ಉಳಿಸಿಕೊಂಡು, ಸಾರಜನಕವನ್ನು ರಭಸದಿಂದ ಊದಿ, ಆ ಕಿಟ್ಟವನ್ನೇ ಗೋಡೆಗೆ ಸಿಡಿಸಿ ಮೆತ್ತುವುದು. ಶತ್ರುವನ್ನೇ ಕಾವಲಿಗೆ ಹಾಕಿದಂತಾಯಿತು! ಈ ಕ್ರಮದಿಂದ ಒಂದೇ ಗೋಡೆ ಹತ್ತು ಸಾವಿರ ಹೀಟನ್ನು ದಾಟಿದ್ದೂ ಉಂಟು.

ನಮ್ಮ ತಂದೆಯವರ ಗೋಡೆಗೆ ಈ ಭಾಗ್ಯ ಬರಲಿಲ್ಲ. ಬೆಣಚುಕಲ್ಲಿನ ಪುಡಿ ಅಗ್ಗ, ಎಲ್ಲೆಲ್ಲಿಯೂ ಸಿಗುತ್ತದೆ. ಆದುದರಿಂದ ಸಣ್ಣ ಕುಲುಮೆಗಳಲ್ಲಿ ಅದೇ ಬಳಕೆ. ಅದು ಆಮ್ಲದ ಗೋಡೆಯಾದುದರಿಂದ ಸುಣ್ಣ ಹಾಕಿ ರಂಜಕ ತೆಗೆಯುವಂತಿಲ್ಲ. ಗುಜರಿಯಲ್ಲಿ ಬಂದ ರಂಜಕ ಸರಳಿನಲ್ಲಿಯೂ ಉಳಿಯುತ್ತದೆ. ಬೆಸೆಮರನನ್ನು ಕಾಡಿದ ತೊಡಕು ಇಂದೂ ಅಲ್ಲಿ ಹಾಗೆಯೇ ಇದೆ. ಇನ್ನು ಗೋಡೆಯ ಆಯುಸ್ಸೋ, ಹದಿನೈದು ಹೀಟು ತಾಳಿದರೆ ತಂದೆಯವರು ಸಂತೋಷದಿಂದ ಮನೆಗೆ ಬರುತ್ತಿದ್ದರು. ಇಪ್ಪತ್ತಾದರೆ ಮಿಠಾಯಿ ತರುತ್ತಿದ್ದರು.

ಆದರೆ ಇಲ್ಲಿಯೇ ಒಂದು ವಿಚಿತ್ರವಿದೆ. ತಂದೆಯವರಿಗೆ ತಿಂಗಳ ಸಂಬಳವಿರಲಿಲ್ಲ. ಅವರು ಗುತ್ತಿಗೆದಾರನ ಕೈಕೆಳಗಿನವರು, ಗೋಡೆಯೊಂದಕ್ಕೆ ಇಷ್ಟು ಎಂದು ಕೂಲಿ. ಗೋಡೆ ಬಹುಕಾಲ ಬಾಳಿದರೆ ಕಸುಬಿಗೆ ಕೀರ್ತಿ, ಮನೆಗೆ ಖರ್ಚಿನ ತೊಂದರೆ. ಬೇಗ ಸತ್ತರೆ ಕೀರ್ತಿಗೆ ಕುಂದು, ಮನೆಗೆ ಅಕ್ಕಿ. ಶನಿವಾರ ಸಂಜೆ ಅಮ್ಮ “ಈ ವಾರ ಎಷ್ಟು ಗೋಡೆ ಬಿದ್ದವು?” ಎಂದು ಕೇಳುವಾಗ ಆ ಪ್ರಶ್ನೆಯಲ್ಲಿ ಆಸೆಯೂ ಅಂಜಿಕೆಯೂ ಇರುತ್ತಿದ್ದವು. ಇಷ್ಟಾದರೂ ಬೇಗ ಬೀಳಲೆಂದು ತಂದೆಯವರು ಒಂದು ಗೋಡೆಯನ್ನೂ ಸಡಿಲವಾಗಿ ಕುಟ್ಟಲಿಲ್ಲ. ಗೋಡೆಯ ಮುಂದೆ ನಿಲ್ಲುವವರು ಅವರ ಜೊತೆಗಾರರೇ ಆಗಿದ್ದರು.

ಸತ್ತ ಗೋಡೆಯನ್ನು ಒಡೆದು ತೆಗೆಯುವ ಕೆಲಸ ಕಟ್ಟುವುದಕ್ಕಿಂತ ಕಠಿಣ. ಕುಲುಮೆ ಇನ್ನೂ ಬಿಸಿಯಿರುವಾಗಲೇ ಇಳಿದು ಗಾಳಿಸುತ್ತಿಗೆಯಿಂದ ಒಡೆಯಬೇಕು. ಆಗ ಏಳುವ ಧೂಳು ಬಿಳಿಯ ಮಂಜಿನಂತೆ ಕವಿಯುತ್ತದೆ. ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯವಲ್ಲ, ಮೂಗು ಗಂಟಲುಗಳೇ ಅದನ್ನು ತಡೆಯುತ್ತವೆ. ಕಣ್ಣಿಗೆ ಕಾಣದಷ್ಟು ನವುರಾದುದು ಎದೆಯ ಆಳಕ್ಕಿಳಿದು, ಮತ್ತೆ ಹೊರಬರದೆ, ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ವಾಸಿ ಮಾಡುವ ಮದ್ದು ಇಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರನ್ನು ಕಾಡಿದ್ದು ಇದೇ ರೋಗ. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ 1948ರ ಕಾರ್ಖಾನೆಗಳ ಕಾಯಿದೆ ಇದನ್ನು ಸೇರಿಸಿತ್ತು. ಸಿಲಿಕಾ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲಿ ಸಾರಿತು. ತಂದೆಯವರಿಗೆ ಕಾರ್ಖಾನೆಯಲ್ಲಿ ದೊರೆತ ರಕ್ಷಣೆ ಹೆಗಲ ಮೇಲಿನ ಟವಲು.

ಕೆಮ್ಮು ಶುರುವಾದಾಗ ಕ್ಷಯವೆಂದು ತಿಂಗಳುಗಟ್ಟಲೆ ಗುಳಿಗೆ ನುಂಗಿದರು. ಇನ್ನೊಬ್ಬ ವೈದ್ಯರು ಎಕ್ಸ್‌ರೇ ನೋಡುವ ಮುನ್ನ “ಏನು ಕೆಲಸ ಮಾಡ್ತೀರಿ ಯಜಮಾನರೇ?” ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ರೋಗದ ಹೆಸರು ತಿಳಿಯಿತು. ಅದರ ಮೇಲೆ ಪರಿಹಾರಕ್ಕೆ ಅರ್ಜಿ ಹಾಕಿದೆವು. ಇವರು ಇಲ್ಲಿ ದುಡಿದದ್ದಕ್ಕೆ ಪುರಾವೆ ಏನು ಎಂಬುದು ಬಂದ ಉತ್ತರ. ಹಾಜರಿ ಪುಸ್ತಕದಲ್ಲಿ ಗುತ್ತಿಗೆಯ ಆಳುಗಳ ಹೆಸರಿರಲಿಲ್ಲ.

ಆದರೆ ಅದೇ ಕಾರ್ಖಾನೆಯಲ್ಲಿ ಗೋಡೆಗಳದೊಂದು ವಹಿ ಇತ್ತು. ಪ್ರತಿಯೊಂದು ಗೋಡೆಗೂ ಅದರಲ್ಲಿ ಒಂದು ಸಾಲು: ಯಾವ ಕುಲುಮೆ, ಹಾಕಿದ ತಾರೀಕು, ಎಷ್ಟು ಚೀಲ ಪುಡಿ, ಎಷ್ಟು ಹೀಟು ತಾಳಿತು, ಏಕೆ ಸತ್ತಿತು. ಗೋಡೆ ಹುಟ್ಟಿದ ದಿನವೂ ಸತ್ತ ದಿನವೂ ದಾಖಲಾಗಿವೆ. ಕಟ್ಟಿದವರ, ಒಡೆದವರ ಹೆಸರಿಗೆ ಮಾತ್ರ ಕಾಲಂ ಇಲ್ಲ. ಗೋಡೆಯ ದಪ್ಪ ಒಂದಂಗುಲ ಸವೆದರೆ ಅಳೆದು ಬರೆಯುವವರಿದ್ದಾರೆ. ಅದನ್ನು ಒಡೆಯುವವನ ಎದೆಯಲ್ಲಿ ಏನು ಸವೆಯಿತೆಂದು ವರ್ಷಕ್ಕೊಮ್ಮೆ ಅಳೆಯುವವರಿಲ್ಲ.

ಗೋಡೆಯ ಬಾಳಿಕೆಯ ಪ್ರಶ್ನೆಯನ್ನು ಹಣದ ಪ್ರಶ್ನೆಯೆಂದೇ ಎಲ್ಲರೂ ಬರೆಯುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆ ಎರಡು ಪಟ್ಟು ಬಾಳಿದರೆ ಧೂಳಿನೊಳಕ್ಕೆ ಇಳಿಯುವ ದಿನಗಳು ಅರ್ಧವಾಗುತ್ತವೆ ಎಂಬುದೂ ಲೆಕ್ಕವೇ. ಒಡೆಯುವ ಬದಲು ಗೋಡೆಯನ್ನು ಇಡಿಯಾಗಿ ಹೊರಕ್ಕೆ ತಳ್ಳುವ ಯಂತ್ರಗಳಿವೆ. ಧೂಳನ್ನು ಹೀರಿ ಹೊರಹಾಕುವ ಕೊಳವೆಗಳಿವೆ, ಸರಿಯಾದ ಮುಖಕವಚಗಳಿವೆ. ಜೊತೆಗೆ ಕೂಲಿಯನ್ನು ಬೀಳುವ ಗೋಡೆಗಳ ಮೇಲಲ್ಲದೆ ಬಾಳುವ ಹೀಟುಗಳ ಮೇಲೆ ಕಟ್ಟಿದರೆ, ಗಟ್ಟಿ ಗೋಡೆ ಕಟ್ಟಿದವನ ಮನೆಯಲ್ಲಿ ಒಲೆ ಆರುವ ಅನ್ಯಾಯವೂ ತಪ್ಪುತ್ತದೆ. ಇವು ಯಾವುವೂ ಥಾಮಸನ ಸಂಶೋಧನೆಯಷ್ಟು ಕಷ್ಟದವಲ್ಲ.

ತಂದೆಯವರಿಗೆ ಒಂದು ಅಭ್ಯಾಸವಿತ್ತು. ಗೋಡೆ ಹಾಕಿದ ದಿನ ಮನೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಒಂದು ಗೆರೆ, ಅದು ಬಿದ್ದ ದಿನ ತಾಳಿದ ಹೀಟುಗಳ ಸಂಖ್ಯೆ. ಅಮ್ಮ ಹಳೆಯ ಕ್ಯಾಲೆಂಡರುಗಳನ್ನು ಪೆಟ್ಟಿಗೆಯ ತಳಕ್ಕೆ ಹಾಸುತ್ತಿದ್ದುದರಿಂದ ಒಂಬತ್ತು ವರ್ಷದವು ಉಳಿದಿವೆ. ಕಳೆದ ರಜೆಯಲ್ಲಿ ನಾನು ಅವನ್ನೆಲ್ಲ ಹರಡಿಕೊಂಡು ಕೂಡಿದೆ: 1,086 ಗೋಡೆಗಳು. ತಾರೀಕುಗಳನ್ನು ಪಟ್ಟಿ ಮಾಡಿ, ಕಾರ್ಖಾನೆಯ ವಹಿಯೊಂದಿಗೆ ಹೋಲಿಸಿ ನೋಡಬೇಕೆಂದು ಕೋರಿ, ಅರ್ಜಿಗೆ ಲಗತ್ತಿಸಿ ಕೊಟ್ಟಿದ್ದೇನೆ. ವಿಚಾರಣೆ ಮುಂದಿನ ತಿಂಗಳಿಗೆ ಹೋಗಿದೆ.